ಅರಳಿ ಗಿಡಕ್ಕೆ ಗಂಡಿನ ಕಡೆಯವರು

ಬೆಂಗಳೂರಿನಲ್ಲಿ ಬುದ್ಧ ಪೂರ್ಣಿಮೆ ಮಾಡಬೇಕಾದರೆ ನಾವು ಮೊದಲು ಮನೆ ಮಾಲೀಕನ ಮುಖ ನೋಡಬೇಕಾಗಿತ್ತು. ಪೀಣ್ಯ ದಾಟಿ ಚಿಕ್ಕಬಾಣಾವರದ ಕಡೆಗೆ ಹೋಗುವ ರಸ್ತೆಯಲ್ಲಿ ಒಂದಕ್ಕೊಂದು ಅಂಟಿಕೊಂಡ ಬಾಡಿಗೆ ರೂಮುಗಳ ಸಾಲು ನಮ್ಮದು. ಆಗಿನ್ನೂ ಮೆಟ್ರೊ ಕಂಬಗಳು ಎದ್ದಿರಲಿಲ್ಲ. ಕಲಬುರಗಿ, ಬೀದರ ಕಡೆಯಿಂದ ಬಂದ ನಮ್ಮ ಬೌದ್ಧ ಮನೆಗಳವರೆಲ್ಲ ಆಸುಪಾಸಿನಲ್ಲೇ ಇದ್ದೆವು. ಗಂಡಸರು ಲೇತ್ ಮಷೀನಿನ ಮುಂದೆ, ಹೆಂಗಸರು ಗಾರ್ಮೆಂಟ್ಸಿನಲ್ಲಿ. ಹುಣ್ಣಿಮೆಯ ದಿನ ರೂಮುಗಳ ಮುಂದೆ ಜಮಖಾನ ಹಾಸಿ, ಬುದ್ಧನ ಮೂರ್ತಿ, ನೀಲಿ ಕೋಟಿನ ಸಾಹೇಬರ ಫೋಟೊ ಇಟ್ಟು, ಮೇಣದಬತ್ತಿ ಹಚ್ಚಿ ತ್ರಿಶರಣ ಶುರು ಮಾಡುವುದೇ ತಡ, ಮಾಲೀಕ ಸ್ಕೂಟರ್ ತಂದು ಜಮಖಾನದ ಅಂಚಿಗೆ ನಿಲ್ಲಿಸಿ ಹಾರ್ನ್ ಒತ್ತುತ್ತಿದ್ದ.

ವಂದನೆ ಹೇಳಿಸುವವರು ನಮ್ಮ ಮಾವ, ನನ್ನ ಗಂಡನ ತಂದೆ. ಊರಿನ ಮಿಲ್ಲು ಮುಚ್ಚಿದ ಮೇಲೆ ನಮ್ಮ ಜೊತೆಗೇ ಇರಲು ಬಂದಿದ್ದರು. ನಮ್ಮಲ್ಲಿ ಮದುವೆಗಾಗಲಿ ಹೆಸರಿಡುವುದಕ್ಕಾಗಲಿ ಪುರೋಹಿತರಿಲ್ಲ. ಪಾಠ ಬಲ್ಲ ಹಿರಿಯರೊಬ್ಬರು ನಿಂತು ಹೇಳಿಸಿದರೆ ಆಯಿತು. ಪೀಣ್ಯದಲ್ಲಿ ಆ ಹಿರಿಯರು ಮಾವ. ಹಾರ್ನ್ ಕೇಳಿದ ಕೂಡಲೇ ಅವರು ಅರ್ಧ ಸಾಲಿಗೇ ನಿಲ್ಲಿಸಿ, ಸ್ಕೂಟರ್ ದಾಟಿದ ಮೇಲೆ ಅಲ್ಲಿಂದಲೇ ಮುಂದುವರಿಸುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಲ್ಲು ಕಚ್ಚಿಕೊಂಡು ಪಂಚಶೀಲ ಹೇಳಿದರೆ ಅದು ಶೀಲವೇ?

"ನಮಗ ಗ್ವಾಡಿ ಬ್ಯಾಡ, ಮಾಳಗಿ ಬ್ಯಾಡ. ಒಂದು ಬೋಧಿ ಗಿಡ ಇದ್ರ ಸಾಕು. ಅದರ ಕೆಳಗ ಕುಂದರಲಿಕ್ಕ ಯಾರನ್ನ ಕೇಳಬೇಕು?" ಎನ್ನುತ್ತಿದ್ದರು ಮಾವ. ನಮ್ಮ ಕಡೆ ಮರಕ್ಕೂ ಗಿಡವೆಂದೇ ಅನ್ನುವುದು. ಅನ್ನುತ್ತ ಕೂರುವ ಮನುಷ್ಯನಲ್ಲ ಅವರು. ಊರಿಗೆ ಹೋಗಿ ಅಲ್ಲಿನ ವಿಹಾರದಿಂದ ಅರಳಿ ಸಸಿ ತಂದರು. ರಾತ್ರಿಯ ರೈಲಿನಲ್ಲಿ ತಾವು ಮಲಗದೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ಫ್ಯಾಕ್ಟರಿ ಕಾಂಪೌಂಡಿಗೂ ಮೋರಿಗೂ ನಡುವೆ, ಜನ ಕಸ ಎಸೆಯುವ ಒಂದು ಬಯಲು ಬಿದ್ದಿತ್ತು. ಸುತ್ತಲಿನವರಿಗೆ ಅದು ಮೂಗು ಮುಚ್ಚಿಕೊಂಡು ದಾಟುವ ಜಾಗ, ಅಷ್ಟೆ. ಭಾನುವಾರಗಳಲ್ಲಿ ನಾವೆಲ್ಲ ಸೇರಿ ಅದನ್ನು ಹಸನು ಮಾಡಿದೆವು. ಮಾವ ಸಸಿ ಹಚ್ಚಿ ಸುತ್ತ ಮುಳ್ಳು ಕಟ್ಟಿದರು.

ನೀರು ಕೊಟ್ಟವಳು ಎದುರು ಮನೆಯ ಅಜ್ಜಿ. ಆ ಊರಿನ ಹಳೆಯ ಮನೆತನ. ಹೊಲವೆಲ್ಲ ಸೈಟಾದರೂ ಎರಡು ಹಸು ಉಳಿಸಿಕೊಂಡಿದ್ದಳು. "ಒಳ್ಳೆ ಕೆಲ್ಸ ಕಣಪ್ಪ, ನಮ್ಮ ಬೋರಿಂದ್ಲೇ ಇಡ್ಕೊಂಡ್ ಓಗು" ಎಂದು ಪೈಪು ಬಿಟ್ಟಳು. ಅವಳ ಬಗ್ಗೆ ಕೆಟ್ಟದ್ದು ಹೇಳಲು ನನಗೆ ನಾಲಿಗೆ ಬರುವುದಿಲ್ಲ. ಬಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅಲ್ಲಿ ಮೊದಲ ಪೂರ್ಣಿಮೆಗೆ ಬಿಳಿ ಸೀರೆ, ಬಿಳಿ ಅಂಗಿ ತೊಟ್ಟು ನಾವೆಲ್ಲ ಸಾಲಾಗಿ ಹೊರಟಾಗ ಅಜ್ಜಿ ಓಡಿಬಂದು, "ಅಯ್ಯೋ, ಯಾರವ್ವಾ ತೀರ್ಕೊಂಡಿದ್ದು?" ಎಂದಳು.

"ಯಾರೂ ಇಲ್ಲ ಅಜ್ಜಿ, ಹುಟ್ಟಿದ ಹಬ್ಬ" ಎಂದೆ.

"ಉಟ್ಟಬ್ಬಕ್ಕೆ ಬಿಳೀ ಸೀರೆ ಉಡೋ ಜನಾನ ಇವತ್ತೇ ಕಂಡಿದ್ದು ಬಿಡು" ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ಶಾವಿಗೆ ಖೀರು ಕುಡಿದು, ಇನ್ನೊಂದು ಲೋಟ ಕೇಳಿ ಹಾಕಿಸಿಕೊಂಡಳು. ಐದು ಬಣ್ಣದ ಧ್ವಜ ಕಟ್ಟಿದ್ದೆವು. ಹಾರ್ನ್ ಇರಲಿಲ್ಲ. ಮಾವ ಒಂದೇ ಉಸಿರಿಗೆ ಎಂಬಂತೆ ಇಡೀ ವಂದನೆ ಹೇಳಿಸಿದರು. ಆ ದಿನ ಅವರ ಮುಖ ನೋಡಬೇಕಿತ್ತು.

ಅರಳಿಗೆ ಬೆಳೆಯಲು ಯಾರೂ ಕಲಿಸಬೇಕಾಗಿಲ್ಲ. ಕೆಲವೇ ವರ್ಷಗಳಲ್ಲಿ ನಾವೆಲ್ಲ ಕೂರುವಷ್ಟು ನೆರಳಾಯಿತು. ಒಂದು ಬೆಳಿಗ್ಗೆ ನೀರು ಹಾಕಲು ಹೋದ ಮಾವ ನಗುತ್ತ ಬಂದರು. ಯಾರೋ ಕಾಂಡಕ್ಕೆ ಅರಿಸಿನದ ದಾರ ಸುತ್ತಿದ್ದರು. ಅಜ್ಜಿಯ ಸೊಸೆ. ಮಕ್ಕಳಿಲ್ಲವೆಂದು ಕೊರಗುತ್ತಿದ್ದ ಹುಡುಗಿ, ಬೆಳಗಾಗೆದ್ದು ಪ್ರದಕ್ಷಿಣೆ ಹಾಕತೊಡಗಿದ್ದಳು.

"ಮಾಮಾ, ಇದು ಚಲೋ ಕಾಣ್ಸೋದಿಲ್ಲ ನೋಡ್ರಿ" ಎಂದೆ.

"ಯಾಕವ್ವ? ಗಿಡಕ್ಕ ಕೈ ಮುಗಿಯೋರು ಹೆಚ್ಚಾದ್ರ ಗಿಡ ಉಳೀತದ" ಎಂದರು. ನಿಜವಾಗಿಯೂ ಖುಷಿಪಟ್ಟಿದ್ದರು ಮಹಾರಾಯರು. ಬೋಧಿಯೆಂದು ಹಚ್ಚಿದರೂ ಈ ಊರಿನ ಕಣ್ಣಿಗೆ ಅದು ಅಶ್ವತ್ಥ ಅನ್ನುವುದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹುಣಸೆಯೋ ಹೊಂಗೆಯೋ ಹಚ್ಚಿದ್ದರೆ ಇವತ್ತಿಗೂ ಅದರ ಕೆಳಗೆ ಕೂತಿರುತ್ತಿದ್ದೆವು.

ಮರುವರ್ಷ ಅಜ್ಜಿಯ ಸೊಸೆಗೆ ಗಂಡು ಮಗುವಾಯಿತು. ಇನ್ನೇನು ಮಾತಾಡುವುದು? ಹರಕೆಯೆಂದು ನಾಗರಕಲ್ಲು ಬಂದವು. ಶನಿವಾರ ದೀಪ, ಅಮಾವಾಸ್ಯೆ ಸೋಮವಾರ ಬಂದರೆ ಜಾತ್ರೆ. ಎಲ್ಲೆಲ್ಲಿಯ ಹೆಂಗಸರೋ ಆಟೋ ಮಾಡಿಕೊಂಡು ಬಂದರು. ನನ್ನ ಗಂಡ, "ಅಪ್ಪಾ, ಈಗ್ಲೇ ಹೋಗಿ ಮಾತಾಡೂನು" ಎಂದು ಕುದಿಯುತ್ತಿದ್ದ. ಮಾವ, "ಆ ಕೂಸಿನ ಮುಂದ ನಿಂತು ಏನಂತ ಮಾತಾಡ್ತಿ?" ಎಂದು ಕೇಳಿದರು. ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು, ಉಗುಳಲೂ ಆಗದು, ನುಂಗಲೂ ಆಗದು.

ಆಮೇಲೆ ಅರಳಿಯ ಪಕ್ಕ ಬೇವು ನೆಟ್ಟರು. ಅದು ಆಳೆತ್ತರ ಬಂದ ಮೇಲೆ ಎರಡಕ್ಕೂ ಮದುವೆ ಎಂದರು. ಅರಳಿ ಗಂಡು, ಬೇವು ಹೆಣ್ಣು. ಒಂದು ಸಂಜೆ ಅಜ್ಜಿ ತಟ್ಟೆಯಲ್ಲಿ ವೀಳ್ಯ, ಪಂಚೆ, ಶಲ್ಯ ಇಟ್ಟುಕೊಂಡು ನಮ್ಮ ರೂಮಿಗೇ ಬಂದಳು.

"ಬೇವಿಗೆ ನಾವು ಎಣ್ಣಿನ ಕಡೆಯೋರು. ಅರಳಿ ಸಾಕ್ದೋರು ನೀವು. ಗಂಡಿನ ಕಡೆಯೋರಿಲ್ದೆ ಧಾರೆ ಎಂಗಪ್ಪಾ ಎರೆಯೋದು? ನೀನು ಬರ್ಲೇಬೇಕು" ಎಂದಳು ಮಾವನಿಗೆ. ಹೇಳುತ್ತ ಅವಳ ಕಣ್ಣು ಒದ್ದೆಯಾಯಿತು. ಅಳುವುದೋ ನಗುವುದೋ ತಿಳಿಯದೆ ನಾನು ಚಹಾಕ್ಕಿಟ್ಟೆ. ಬಾಗಿಲಿಗೆ ಬಂದವರ ತಟ್ಟೆಯನ್ನು ಮಾವ ಯಾವತ್ತೂ ಹಿಂದಕ್ಕೆ ಕಳಿಸಿದವರಲ್ಲ. ತೆಗೆದುಕೊಂಡರು.

ಮದುವೆಯ ದಿನ ಶಾಮಿಯಾನ, ಮೈಕು, ವಾಲಗ. ಅರಳಿಗೆ ಬಾಸಿಂಗ ಕಟ್ಟಿದ್ದರು. ಮಾವ ತಮ್ಮ ಬಿಳಿ ಅಂಗಿಯಲ್ಲೇ ಮಣೆಯ ಮೇಲೆ ಕೂತಿದ್ದರು. ಎಷ್ಟೋ ಜೋಡಿಗಳ ಮದುವೆಯನ್ನು ನಿಂತು ಮಾಡಿಸಿದ ಮನುಷ್ಯ ಅಂದು ಯಾರೋ ಹೇಳಿದಲ್ಲಿಗೆ ಕೈ ಚಾಚುತ್ತಿದ್ದರು. ಸಂಕಲ್ಪ ಹೇಳುತ್ತಿದ್ದ ಪುರೋಹಿತರು, "ಗೋತ್ರ ಯಾವ್ದು ಯಜಮಾನ್ರೇ?" ಎಂದು ಕೇಳಿದರು. ಮೈಕು ಮಾವನ ಮುಂದೆಯೇ ಇತ್ತು. ನಾನು ಹಿಂದೆ ನಿಂತು, ಹೇಳಿಬಿಡಿ ಮಾಮಾ, ನಮಗೆ ಗೋತ್ರವಿಲ್ಲ, ಅದು ನಾವು ಬೇಡವೆಂದು ಬಿಟ್ಟುಬಂದ ಮನೆ, ಹೇಳಿಬಿಡಿ ಎಂದು ಮನಸ್ಸಿನಲ್ಲೇ ಕೂಗುತ್ತಿದ್ದೆ. ಅಜ್ಜಿಯ ಸೊಸೆ ಮಗುವನ್ನು ಎತ್ತಿಕೊಂಡು ಎದುರಿಗೇ ನಿಂತಿದ್ದಳು.

"ಗೊತ್ತಿಲ್ದಿದ್ರೆ ಪರವಾಗಿಲ್ಲ, ಕಾಶ್ಯಪ ಅಂತ ಹೇಳ್ಬಿಡ್ತೀನಿ" ಎಂದು ಪುರೋಹಿತರು ಒಳ್ಳೆಯ ಮಾತಿನಲ್ಲೇ ಹೇಳಿ ಮುಂದಕ್ಕೆ ಹೋದರು. ಮಾವನ ತುಟಿ ಅಲುಗಿತು. ಮಾತು ಬರಲಿಲ್ಲ. ವಾಲಗದವರು ಗಟ್ಟಿಮೇಳ ಊದಿದರು.

ಮದುವೆಯಾದ ಮೇಲೆ ಕಟ್ಟೆ ಬಂತು, ಕಟ್ಟೆಗೆ ಗ್ರಿಲ್ಲು, ಗ್ರಿಲ್ಲಿಗೆ ಬೀಗ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂದು ನಾನು ಪಾತ್ರೆ ತಿಕ್ಕುತ್ತ ಗೊಣಗುತ್ತಿದ್ದೆ. ಮಾವ ಕೇಳದವರಂತಿರುತ್ತಿದ್ದರು. ಮುಂದಿನ ಪೂರ್ಣಿಮೆಗೆ ಖೀರಿನ ಪಾತ್ರೆ, ಮೂರ್ತಿ, ಫೋಟೊ ಹೊತ್ತುಕೊಂಡು ಹೋದೆವು. ಒಳಗೆ ಸತ್ಯನಾರಾಯಣ ಪೂಜೆಗೆ ಬಾಳೆಕಂದು ಕಟ್ಟುತ್ತಿದ್ದರು. ಅವರಿಗೂ ಹುಣ್ಣಿಮೆಯೇ ತಾನೇ.

ಅಜ್ಜಿ ಗ್ರಿಲ್ಲಿನ ಹತ್ತಿರ ಬಂದು ದನಿ ತಗ್ಗಿಸಿದಳು. "ಪೂಜೆ ಮುಗುದ್ಮೇಲೆ ನಿಮ್ದೂ ಮಾಡ್ಕೊಳ್ರಪ್ಪಾ, ಯಾರು ಬ್ಯಾಡ ಅಂತಾರೆ. ಬುದ್ಧನ್ನ ಇಟ್ಕೊಳಿ. ಆ ಕೋಟಿನ ಪಟ ಒಂದು ಒಳಿಕ್ ಬ್ಯಾಡ. ನಂದೇನಿಲ್ಲ ಕಣಪ್ಪಾ, ಜನ ಒಂಥರಾ ಮಾತಾಡ್ತಾರೆ."

ನನ್ನ ಗಂಡ ಮುಂದೆ ನುಗ್ಗಿದ. ಮಾವ ಅವನ ರಟ್ಟೆ ಹಿಡಿದರು. ಅಜ್ಜಿಗೆ, "ಇರ್ಲಿ ಬಿಡವ್ವ" ಎಂದರು. ಆಮೇಲೆ ನಮ್ಮ ಕಡೆ ತಿರುಗಿ, "ಸಾಹೇಬರು ಹೊರಗ ನಿಂತಿದ್ರ ನಾವು ಒಳಗ ಹೋಗಿ ಏನ್ ಮಾಡೋದದ?" ಎಂದರು. ಬಿಳಿ ಸೀರೆಯವರೆಲ್ಲ ಖೀರು ತುಳುಕಿಸಿಕೊಂಡು ಮತ್ತೆ ಓಣಿಗೇ ಬಂದೆವು. ಆವತ್ತು ಮಾವ ಇಡೀ ವಂದನೆಯನ್ನು ಹೇಳಿಸಿದರು, ಆದರೆ ದನಿ ಮುಂದಿನ ಸಾಲಿಗೂ ಕೇಳಿಸಲಿಲ್ಲ.

ಅವರು ಆ ಕಡೆ ಮತ್ತೆ ಕಾಲಿಡಲಿಲ್ಲ. ಇನ್ನೊಂದು ಸಸಿ ತರೋಣವೆಂದರೆ, "ಅದನ್ನೂ ಮದುವಿ ಮಾಡ್ತಾರವ್ವ" ಎಂದು ನಕ್ಕುಬಿಟ್ಟರು. ಆದರೆ ಬೇಸಿಗೆ ಬಂದಾಗ ಮಾತ್ರ ತಡೆಯಲಾಗುತ್ತಿರಲಿಲ್ಲ. ಒಂದು ಸಂಜೆ, "ಕಟ್ಟಿ ಮ್ಯಾಲ ಸಿಮೆಂಟ್ ಹಾಕ್ಯಾರಂತ. ಬುಡಕ್ಕ ನೀರು ಇಳೀತದೋ ಇಲ್ಲೋ, ಜರಾ ನೋಡಿ ಬಾ" ಎಂದರು.

ಹೋದೆ. ಗಿಡದ ಬುಡ ನೋಡಬೇಕಾದರೆ ಗ್ರಿಲ್ಲಿನ ಒಳಗೆ ಹೋಗಬೇಕು. ಸಂಜೆಯ ಪೂಜೆಗೆಂದು ಬೀಗ ತೆಗೆದಿದ್ದರು. ಚಪ್ಪಲಿ ಬಿಟ್ಟೆ. ಬುಡದ ಸುತ್ತ ಮಣ್ಣು ಬಿಟ್ಟಿದ್ದರು, ಒದ್ದೆಯಿತ್ತು. ಬಗ್ಗಿ ಮುಟ್ಟಿ ನೋಡುತ್ತಿದ್ದೆ, ಗುರುತಿಲ್ಲದ ಯಾರೋ ಹೆಂಗಸು, "ತಗೊಳ್ಳಿ ಅಕ್ಕ" ಎನ್ನುತ್ತಲೇ ನನ್ನ ಹಣೆಗೆ ಕುಂಕುಮ ಹಚ್ಚಿಬಿಟ್ಟಳು. ಮದುವೆಯಾದಂದಿನಿಂದ ನಾನು ಪೂಜೆಯ ಕುಂಕುಮ ಹಚ್ಚಿಸಿಕೊಂಡವಳಲ್ಲ. ಬೇಡವೆನ್ನಲು ಬಾಯಿ ತೆರೆದೆ. ಅವಳು ಇಷ್ಟಗಲ ನಕ್ಕಳು. ನಾನೂ ನಕ್ಕೆ. ಥೂ, ನಕ್ಕೆ.

ಓಣಿಯ ತಿರುವಿನಲ್ಲಿ ನಿಂತು ಸೆರಗಿನಿಂದ ಉಜ್ಜಿ ಉಜ್ಜಿ ಒರೆಸಿಕೊಂಡೆ. ಮಾವ ಬಾಗಿಲಲ್ಲೇ ಕಾಯುತ್ತಿದ್ದರು.

"ನೀರು ಹಾಕ್ಯಾರ ಮಾಮಾ. ಬುಡ ಹಸಿ ಅದ" ಎಂದೆ.

ಅವರು ನನ್ನ ಮುಖ ನೋಡಿದರು. "ಇನ್ನೂ ಜರಾ ಉಳದದ ನೋಡವ್ವ, ಹಣಿಮ್ಯಾಲ" ಎಂದು ಹೇಳಿ, ಮುಖ ತೊಳೆಯಲು ತಾವೇ ಚೊಂಬಿನಲ್ಲಿ ನೀರು ತಂದುಕೊಟ್ಟರು.