ಬಜಾರ ಹಬ್ಬಕ್ಕೆ ನಾನು ಬರೆದ ಅರ್ಜಿ

ನನ್ನ ಅಕ್ಷರ ದುಂಡಗಿತ್ತು ಎಂಬ ಒಂದೇ ಕಾರಣಕ್ಕೆ ನನ್ನನ್ನು ವ್ಯಾಪಾರಸ್ಥರ ಸಂಘದ ಕಾರ್ಯದರ್ಶಿ ಮಾಡಿದರು. ಸಂಘದಲ್ಲಿ ಹೆಂಗಸು ನಾನೊಬ್ಬಳೇ. ಸಭೆಗೆ ಚಹಾ ಬಂದರೆ ಕಪ್ಪು ಹಂಚುವುದಕ್ಕೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಏಳುತ್ತಿರಲಿಲ್ಲ. ಚಹಾ ಆರಿ ಹೋಗುತ್ತಿತ್ತು.

ಊರಿನ ಹೆಸರು ಬರೆಯುವುದಿಲ್ಲ. ಕೊಪ್ಪಳ ಜಿಲ್ಲೆಯದೇ ಊರು. ಜಿಲ್ಲೆಯಾಗಿ ಹತ್ತು ಹನ್ನೆರಡು ವರ್ಷ ಕಳೆದಿದ್ದವು. ಅಂದಿನ ಮಂದಿಯಲ್ಲಿ ಕೆಲವರು ಇವತ್ತಿಗೂ ತಮ್ಮ ಅಂಗಡಿಯ ಗಾದಿಯ ಮೇಲೆ ಕೂತಿದ್ದಾರೆ. ಅವರ ಮೇಲೆ ನನ್ನ ಸಿಟ್ಟೂ ಹಾಗೇ ಕೂತಿದೆ.

ನನ್ನದು ಮ್ಯಾಚಿಂಗ್ ಸೆಂಟರ್. ಸೀರೆಗೆ ಹೊಂದುವ ಜಂಪರ್ ಅರಿವಿ, ಅಂದರೆ ರವಿಕೆ ಬಟ್ಟೆ, ಅದಕ್ಕೆ ಒಳಗೆ ಕೊಡುವ ಅಸ್ತರು, ಫಾಲು, ದಾರ. ಗಂಡ ಬಸ್ ಕಂಡಕ್ಟರ್. ಕುಷ್ಟಗಿ ಕಡೆಯ ಗಾಡಿಯಲ್ಲಿ ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದರು. ಅಂಗಡಿಯ ಕೆಲಸ ಪೂರ್ತಿ ನನ್ನದೇ. ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಒಬ್ಬ ಬಳೆಗಾರ್ತಿ ಕೂಡುತ್ತಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು. ನಾನು ಅವಳನ್ನು ಆಪಾ ಅನ್ನುತ್ತಿದ್ದೆ, ಅವಳು ನನ್ನನ್ನು ತಂಗಿ ಅನ್ನುತ್ತಿದ್ದಳು. ಹೆಣ್ಣುಮಕ್ಕಳು ನನ್ನಲ್ಲಿ ಜಂಪರ್ ಅರಿವಿ ಹರಿಸಿಕೊಂಡು, ಅದೇ ಬಣ್ಣಕ್ಕೆ ಅವಳಲ್ಲಿ ಬಳೆ ಇಡಿಸಿಕೊಳ್ಳುತ್ತಿದ್ದರು. ಇಲ್ಲವೇ ಅವಳಲ್ಲಿ ಬಳೆ ಇಡಿಸಿಕೊಂಡು ನನ್ನಲ್ಲಿಗೆ ಏರಿ ಬರುತ್ತಿದ್ದರು. ಅಳವಂಡಿ, ಬೇವೂರು ಕಡೆಯ ಹೆಣ್ಣುಮಕ್ಕಳು ನನ್ನ ಅಂಗಡಿಯ ಗುರುತು ಹೇಳುತ್ತಿದ್ದದ್ದು, 'ಬಳಿಗಾರ ಆಪಾನ ಹಿಂದಿನ ಅಂಗಡಿ' ಎಂದೇ. ನನಗೆ ಅದು ಒಳಗೊಳಗೇ ಚುಚ್ಚುತ್ತಿತ್ತು. ಬಾಡಿಗೆ ಕಟ್ಟುವವಳು ನಾನು, ಹೆಸರು ಅವಳದು.

ಸಂಘದ ಅಧ್ಯಕ್ಷರದು ಬಜಾರಿನಲ್ಲೇ ದೊಡ್ಡ ಬಟ್ಟೆ ಅಂಗಡಿ. ಮದುವೆ ಜವಳಿಗೆ ಜನ ಹುಬ್ಬಳ್ಳಿಗೆ, ಹೊಸಪೇಟೆಗೆ, ಹೆಚ್ಚೆಂದರೆ ಗಂಗಾವತಿಗೆ ಹೋಗುತ್ತಾರೆ, ನಮ್ಮ ಬಜಾರು ಬಿಕೋ ಅನ್ನುತ್ತದೆ ಎಂದು ಪ್ರತಿ ಸಭೆಯಲ್ಲೂ ಅದೇ ರಾಗ ಎಳೆಯುತ್ತಿದ್ದರು. ಎಲ್ಲೋ ದೊಡ್ಡ ಊರಿನಲ್ಲಿ ಖರೀದಿ ಉತ್ಸವ ನೋಡಿ ಬಂದ ಮೇಲೆ ಅವರಿಗೆ ಅದೇ ಗುಂಗು ಹಿಡಿಯಿತು. ಮೂರು ದಿನ ಬಜಾರ ಹಬ್ಬ ಮಾಡಬೇಕು, ಪೆಂಡಾಲು, ಲೈಟು, ಮೈಕು, ಲಕ್ಕಿ ಡ್ರಾ. ಖರ್ಚು ಮಾತ್ರ ಯಾರ ಕಿಸೆಯಿಂದಲೂ ಹೋಗಬಾರದು. ಪುರಸಭೆಯಿಂದ ಅನುದಾನ ತರಬೇಕು.

ಅಧ್ಯಕ್ಷರು ನನ್ನನ್ನು ಕರೆದುಕೊಂಡು ಮುಖ್ಯಾಧಿಕಾರಿಯ ಕೋಣೆಗೆ ಹೋದರು. ಆ ಮುಖ್ಯಾಧಿಕಾರಿ ಕಣ್ಣು ಎತ್ತದೆ ಮಾತಾಡುವ ಮನುಷ್ಯ.

"ಅಂಗಡಿ ಮಾಲಕರಿಗೆ ಅನುದಾನ ಕೊಡಾಕ ಬರಂಗಿಲ್ಲ ಸಾವ್ಕಾರ್ರ. ಬೀದಿ ಬದಿ ವ್ಯಾಪಾರಿಗಳಿಗೆ ಅನುಕೂಲ ಆಗ್ತೈತಿ ಅಂತ ಬರದ್ರ ದಾರಿ ಐತಿ. ಅವರವು ಸಹಿ ಬೇಕು. ಫೋಟೋ ಬೇಕು."

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಬರೀತಾರ ನಮ್ಮ ಕಾರ್ಯದರ್ಶಿಯವರು. ಅಕ್ಷರ ಮುತ್ತಿನಂಗ ಅದಾವ."

ನಾನು ಆ ಹೊಗಳಿಕೆಗೆ ಉಬ್ಬಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಮನೆಗೆ ಬಂದು ಅಡಿಗೆ ಬಿಟ್ಟು ಅರ್ಜಿ ಬರೆದೆ. 'ಬಿಸಿಲು ಮಳೆಯೆನ್ನದೆ ದುಡಿಯುವ ಬೀದಿ ಬದಿಯ ಬಡ ವ್ಯಾಪಾರಿಗಳಿಗೆ ಉಚಿತವಾಗಿ ಮಳಿಗೆಗಳನ್ನು ಒದಗಿಸಿ' ಎಂದು ಬರೆಯುವಾಗ ನನಗೆ ಆಪಾನೇ ಕಣ್ಣ ಮುಂದೆ ಇದ್ದಳು. ಆ ಹೊತ್ತಿಗೆ ನಾನು ಸುಳ್ಳು ಬರೆಯಲಿಲ್ಲ. ಇದನ್ನು ಹೇಳಿಕೊಳ್ಳಲೇಬೇಕು, ಯಾಕೆಂದರೆ ಮುಂದೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ.

ಸಹಿಗೆ ಆಪಾನ ಹತ್ತಿರ ಹೋದೆ. ಅವಳು ಕಾಗದ ನೋಡಲಿಲ್ಲ, ನನ್ನ ಮುಖ ನೋಡಿದಳು. "ನೀ ಬರದೀ ಏನು?"

"ಹೂಂ ಆಪಾ. ನಿಮಗೆಲ್ಲಾ ಮೂರು ದಿನ ಪುಕ್ಕಟ ಮಳಿಗಿ ಕೊಡ್ತಾರ. ನೆರಳಾಗ ಕುಂತು ಮಾರೂದು."

ಅವಳು ಉರ್ದುವಿನಲ್ಲಿ ಸಹಿ ಮಾಡಿದಳು. ಆಮೇಲೆ ತಾನೇ ಎದ್ದು, ಬಾಳೆಹಣ್ಣಿನ ಗಾಡಿಯವನು, ಹೂವಿನವಳು, ಪ್ಲಾಸ್ಟಿಕ್ ಸಾಮಾನಿನವರು, ಎಲ್ಲರ ಹತ್ತಿರ ನನ್ನನ್ನು ಕರೆದೊಯ್ದಳು. "ಈಕಿ ಬರದಾಳಂದ್ರ ಹಾಕ್ರಿ, ಏನೂ ಕೇಳಬ್ಯಾಡ್ರಿ." ಅರ್ಧ ಗಂಟೆಯಲ್ಲಿ ಎರಡು ಹಾಳೆ ತುಂಬಿತು.

ಅನುದಾನ ಮಂಜೂರಾಯಿತು. ಹಬ್ಬಕ್ಕೆ ಎರಡು ದಿನ ಇರುವಾಗ ಸಂಜೆ ಸಭೆ ಕರೆದರು. ಅಧ್ಯಕ್ಷರು ನಕ್ಷೆ ಬಿಡಿಸಿದರು. ಬಜಾರಿನ ಎರಡೂ ಬದಿಗೆ ಮಳಿಗೆಗಳಿದ್ದವು. ಒಂದೊಂದರ ಮೇಲೆ ಹೆಸರು ಬರೆದಿತ್ತು. ಮೊಬೈಲಿನವರು, ಬೈಕಿನವರು, ಹಾಸಿಗೆಯವರು, ಹೊರಗಿನ ಊರಿನ ರೆಡಿಮೇಡ್ ಬಟ್ಟೆಯವರು.

"ಬೀದಿ ಮಂದಿ ಎಲ್ಲೆ ಕುಂದರ್ತಾರ?" ಅಂದೆ.

"ಮೂರು ದಿನ ಮನ್ಯಾಗ ಕುಂದರ್ತಾರ ಬಿಡವಾ," ಅಂದರು ಅಧ್ಯಕ್ಷರು. "ಮಂತ್ರಿಗಳು ಬರಾಕತ್ತಾರ. ಅವರ ಮುಂದ ತಾಡಪತ್ರಿ ಹರವಿ ಬಾಳಿಹಣ್ಣು ಇಡಾಕ ಆಕ್ಕೈತೇನು?"

ಎಲ್ಲರೂ ನಕ್ಕರು. ಒಬ್ಬರು, ನಿಮ್ಮ ಅಂಗಡಿ ಮುಂದೆ ಕಟ್ಟೆ ಖಾಲಿಯಾದರೆ ನಿಮಗೇ ಒಳ್ಳೇದಲ್ಲವೇ ಅಂದರು. ಕಟ್ಟೆ ಖಾಲಿಯಾಗಿ ನನ್ನ ಬೋರ್ಡು ರಸ್ತೆಗೆ ಕಾಣುವುದನ್ನು ನಾನು ಮನಸ್ಸಿನಲ್ಲಿ ಒಮ್ಮೆ ನೋಡಿಯೇ ಬಿಟ್ಟೆ. ಮರುದಿನ ಇಡೀ ದಿನ ಆಪಾ ನನ್ನ ಮುಂದೆಯೇ ಕೂತು, ಹಬ್ಬಕ್ಕೆಂದು ತಂದ ಹೊಸ ಬಳೆಗಳ ಪೆಟ್ಟಿಗೆ ಬಿಚ್ಚಿ ಬಿಚ್ಚಿ ತೋರಿಸಿದಳು. ನಾನು ಹೇಳಲಿಲ್ಲ.

ಹಬ್ಬದ ದಿನ ಬೆಳಿಗ್ಗೆ ಪುರಸಭೆಯ ಟ್ರ್ಯಾಕ್ಟರು ಬಂತು. ನಾನು ರೇಷ್ಮೆ ಸೀರೆ ಉಟ್ಟು, ಎದೆಗೆ 'ಕಾರ್ಯದರ್ಶಿ' ಎಂಬ ಬಿಲ್ಲೆ ಚುಚ್ಚಿಕೊಂಡು ಅಂಗಡಿಯ ಬಾಗಿಲಲ್ಲಿ ನಿಂತಿದ್ದೆ. ಪುರಸಭೆಯ ಆಳುಗಳು ಗಾಡಿಗಳನ್ನು ತಳ್ಳಿದರು, ತಾಡಪತ್ರಿ ಕಿತ್ತರು. ಒಬ್ಬ ಆಪಾನ ಪೆಟ್ಟಿಗೆಗೆ ಕೈ ಹಾಕಿದ.

"ಏ, ನಮಗ ಮಳಿಗಿ ಕೊಟ್ಟಾರ! ಕೇಳ್ರಿ, ಈಕಿನ್ನ ಕೇಳ್ರಿ!" ಎಂದು ಆಪಾ ನನ್ನ ಕಡೆ ಕೈ ಮಾಡಿದಳು.

ಆಳು ನನ್ನ ಕಡೆ ನೋಡಿದ. ರಸ್ತೆಯ ಆ ಬದಿಯಿಂದ ಅಧ್ಯಕ್ಷರೂ ನೋಡಿದರು. ನಾನು, "ಮೂರು ದಿನ ಅಷ್ಟ ಆಪಾ, ಸುಮ್ನಿರು," ಅಂದೆ.

ಪೆಟ್ಟಿಗೆಯನ್ನು ಎತ್ತಿ ಟ್ರ್ಯಾಕ್ಟರಿಗೆ ಎಸೆದರು. ಗಾಜು ಒಡೆದ ಸಪ್ಪಳ ಮೈಕಿನ ಹಾಡಿನ ನಡುವೆಯೂ ಕೇಳಿಸಿತು. ಆಪಾ ಕಟ್ಟೆಯ ಹತ್ತಿರ ಬಂದು ಕೇಳಿದಳು: "ಮೊದಲಽ ಗೊತ್ತಿತ್ತೇನ್ರಿ ಮೇಡಂ?"

ಹತ್ತು ವರ್ಷ ನೀನು ಎಂದು ಕರೆದ ಬಾಯಿ ಅದು. ಉತ್ತರಕ್ಕೆ ಕಾಯದೆ ಹೊರಟು ಹೋದಳು.

ಹಬ್ಬಕ್ಕೆ ಮಂತ್ರಿ ಬರಲಿಲ್ಲ. ಜನ ಬಂದರು, ಮಿರ್ಚಿ ಬಜ್ಜಿ ತಿಂದರು, ಆರ್ಕೆಸ್ಟ್ರಾ ನೋಡಿದರು, ಪುಕ್ಕಟೆ ಕೊಟ್ಟ ಬಲೂನು ಹಿಡಿದು ಮನೆಗೆ ಹೋದರು. ನನ್ನ ಬಾಗಿಲಿಗೇ ಜನರೇಟರ್ ಇಟ್ಟಿದ್ದರು. ಸುತ್ತಿಟ್ಟ ಬಿಳಿ ಅಸ್ತರಿನ ಬಟ್ಟೆಯ ತಾನುಗಳಿಗೆಲ್ಲ ಹೊಗೆ ಹತ್ತಿತು. ಲಕ್ಕಿ ಡ್ರಾದ ಫ್ರಿಜ್ಜು ಅಧ್ಯಕ್ಷರ ಷಡ್ಡಕನಿಗೆ ಬಂತು. ಯಲಬುರ್ಗಾ ಕಡೆಯಿಂದ ಮದುವೆ ಸೀರೆಗೆ ಅರಿವಿ ಹುಡುಕಿಕೊಂಡು ಬಂದ ಒಬ್ಬ ತಾಯಿ ಮಗಳು ಕಟ್ಟೆಯ ಮುಂದೆ ನಿಂತು, "ಬಳಿಗಾರ ಆಪಾ ಎಲ್ಲೆ ಹೋದ್ಲ್ರಿ?" ಅಂದರು. ಗೊತ್ತಿಲ್ಲ ಅಂದೆ. ಅವರು ಒಳಗೂ ಬರದೆ ಹೋದರು. ಮೂರು ದಿನದ ವ್ಯಾಪಾರ ಒಂದು ಸಂತೆ ದಿನದಷ್ಟೂ ಆಗಲಿಲ್ಲ.

ಟ್ರ್ಯಾಕ್ಟರಿನಲ್ಲಿ ಹೋದ ಸಾಮಾನನ್ನು ವಾರ ಬಿಟ್ಟು ಕೊಟ್ಟರಂತೆ. ಆಪಾ ಮತ್ತೆ ನನ್ನ ಕಟ್ಟೆಗೆ ಬರಲಿಲ್ಲ. ಎದುರಿನ ಸಾಲಿನಲ್ಲಿ ಇನ್ನೊಂದು ಮ್ಯಾಚಿಂಗ್ ಸೆಂಟರ್ ಇತ್ತು, ಅದರ ಮುಂದೆ ಕೂತಳು. ಬಂದವರಿಗೆ ನನಗೆ ಕೇಳುವಂತೆಯೇ ಹೇಳುತ್ತಿದ್ದಳು: "ಅಲ್ಲೆ ಬ್ಯಾಡವಾ, ಆ ಅರಿವಿ ಬಣ್ಣಾ ಬಿಡತೈತಿ."

ನನಗೆ ಮೈ ಉರಿಯಿತು. ತಪ್ಪು ನನ್ನದೆಂದು ಗೊತ್ತಿದ್ದರಿಂದಲೇ ಇನ್ನಷ್ಟು ಉರಿಯಿತು. ನಾನೂ ಬಳೆ ತಂದು ಅಂಗಡಿಯಲ್ಲಿ ತೂಗು ಹಾಕಿದೆ, ಅವಳು ಮಾರುವುದಕ್ಕಿಂತ ಕಡಿಮೆ ಬೆಲೆಗೆ. ಬಳೆ ಮಾರುವುದು ಬೇರೆ, ಕೈಗೆ ಇಡುವುದು ಬೇರೆ. ಒಂದು ಹುಡುಗಿಯ ಕೈಗೆ ಇಡಲು ಹೋಗಿ, ಗಾಜು ಒಡೆದು ಮಣಿಕಟ್ಟಿನ ಮೇಲೆ ರಕ್ತ ಬಂತು. ಅವಳ ತಾಯಿ ಬಜಾರೆಲ್ಲ ಕೇಳುವಂತೆ ಬೈದಳು. ಎದುರು ಸಾಲಿನಲ್ಲಿ ಕೂತಿದ್ದ ಆಪಾ ಎದ್ದು ಬಂದು, ನನ್ನ ಕಡೆ ನೋಡದೆ, ಹುಡುಗಿಯ ಕೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ತಾಯಿ ಮಗಳನ್ನು ತನ್ನ ಕಡೆ ಕರೆದುಕೊಂಡು ಹೋದಳು. ಅವತ್ತು ನಾನು ಅವಳನ್ನು ಎಷ್ಟು ದ್ವೇಷಿಸಿದೆನೆಂದರೆ, ಅವಳ ಬೆನ್ನಿಗೆ ಕಲ್ಲು ಒಗೆಯಬೇಕು ಅನ್ನಿಸಿತು.

ವರ್ಷ ತಿರುಗಿತು. ಅಧ್ಯಕ್ಷರಿಗೆ ಎರಡನೆಯ ಹಬ್ಬ ಬೇಕಾಯಿತು. ಹೋದ ವರ್ಷದ ಅನುದಾನದಿಂದ ಬೀದಿ ವ್ಯಾಪಾರಿಗಳಿಗೆ ಲಾಭವಾಯಿತು ಎಂಬ ವರದಿ, ಕೆಳಗೆ ಅದೇ ವ್ಯಾಪಾರಿಗಳ ಸಹಿ ಕೊಟ್ಟರೆ ಮಾತ್ರ ಹೊಸ ಅನುದಾನ ಎಂದು ಮುಖ್ಯಾಧಿಕಾರಿ ಹೇಳಿದ್ದರು. ಅಧ್ಯಕ್ಷರು ಹೇಳಿ ಬರೆಸಿದರು, ನಾನು ಬರೆದೆ. ಈ ಸಲ ಸುಳ್ಳು ಎಂದು ತಿಳಿದೇ ಬರೆದೆ. ಯಾಕೆ ಬರೆದೆ? ನಾನು ಬಾಡಿಗೆ ಹಿಡಿದಿದ್ದ ಅಂಗಡಿಯ ಜಾಗ ಅಧ್ಯಕ್ಷರ ಅಣ್ಣನದು. ಅದಕ್ಕೇ.

ಹಾಳೆ ಹಿಡಿದು ರಸ್ತೆಗೆ ಇಳಿದೆ. ಮೊದಲು ಬಾಳೆಹಣ್ಣಿನ ಗಾಡಿಯವನ ಹತ್ತಿರ ಹೋದೆ. ಅವನು, "ಆಪಾನ್ನ ಕೇಳ್ರಿ," ಅಂದ. ಹೂವಿನವಳೂ ಅದನ್ನೇ ಅಂದಳು. ಬೇರೆ ದಾರಿಯಿಲ್ಲದೆ ಆಪಾನ ಮುಂದೆ ನಿಂತೆ. ಗಿರಾಕಿಗಳಿದ್ದರು. ಅವಳು ಒಬ್ಬಳ ಕೈಗೆ ಹನ್ನೆರಡು ಬಳೆ ಇಟ್ಟು ಮುಗಿಸುವವರೆಗೆ ನನ್ನನ್ನು ನಿಲ್ಲಿಸಿದಳು. ಆಮೇಲೆ ಅಂದಳು:

"ಓದ್ರಿ ಮೇಡಂ."

"ಏನಿಲ್ಲ, ಹೋದ ವರ್ಷದ..."

"ಓದ್ರಿ ಅಂದೆ. ಎಲ್ಲಾರಿಗೂ ಕೇಳೂ ಹಂಗ ಓದ್ರಿ."

ಗಾಡಿಯವರೆಲ್ಲ ಬಂದು ಸುತ್ತಲೂ ನಿಂತರು. ನಾನು ಓದಿದೆ. 'ಸದರಿ ಉತ್ಸವದಲ್ಲಿ ಬೀದಿ ಬದಿ ವ್ಯಾಪಾರಿಗಳಿಗೆ ಉಚಿತ ಮಳಿಗೆಗಳನ್ನು ಒದಗಿಸಲಾಗಿದ್ದು, ಅವರು ಉತ್ತಮ ಲಾಭ ಗಳಿಸಿ ಸಂತೋಷ ವ್ಯಕ್ತಪಡಿಸಿರುತ್ತಾರೆ.' ಒಬ್ಬ ಹೊಲಸು ಬೈದ. ಹೂವಿನವಳು ನಕ್ಕಳು. ಬೈಗುಳಕ್ಕಿಂತ ಆ ನಗು ಕೆಟ್ಟದಾಗಿತ್ತು.

"ಇದನ್ನ ಬರದವರು ಯಾರ್ರಿ?" ಅಂದಳು ಆಪಾ.

"ನಾನು."

"ನನ್ನ ಬಳಿ ಒಡದದ್ದು ಎಲ್ಲೈತ್ರಿ ಇದರಾಗ? ಇವನ ಹಣ್ಣು ಕೊಳತದ್ದು ಎಲ್ಲೈತಿ? ಬರಿಯಾಕ ಬರತೈತಲ್ಲ ನಿಮಗ? ಅದನ್ನ ಬರೀರಿ. ಸಹಿ ಹಾಕ್ತೀವಿ."

ನಾನು ಅಂಗಡಿಗೆ ವಾಪಸು ಹೋದೆ. ಅವಳ ಮೇಲಿನ ಸಿಟ್ಟು, ಅಧ್ಯಕ್ಷರ ಮೇಲಿನ ಸಿಟ್ಟು, ನನ್ನ ಮೇಲಿನ ಸಿಟ್ಟು ಎಲ್ಲ ಕಲಸಿಹೋಗಿದ್ದವು. ಆ ವರದಿಯನ್ನು ಹರಿದು ಹೊಸ ಹಾಳೆ ತೆಗೆದೆ. ಟ್ರ್ಯಾಕ್ಟರು ಬಂದದ್ದು, ಯಾರ ಯಾರ ಸಾಮಾನು ಹೋಯಿತು, ಮಳಿಗೆಗಳಲ್ಲಿ ಯಾರು ಕೂತಿದ್ದರು, ಎಲ್ಲ ಬರೆದೆ. ಕೊನೆಗೆ, 'ಈ ವಿಷಯ ಎರಡು ದಿನ ಮೊದಲೇ ತಿಳಿದಿದ್ದರೂ ಕಾರ್ಯದರ್ಶಿಯಾದ ನಾನು ವ್ಯಾಪಾರಿಗಳಿಗೆ ತಿಳಿಸಿರುವುದಿಲ್ಲ' ಎಂದು ಬರೆದು ಮೊದಲ ಸಹಿ ನಾನೇ ಹಾಕಿದೆ. ರಸ್ತೆಯಲ್ಲಿ ನಿಂತು ಮತ್ತೆ ಗಟ್ಟಿಯಾಗಿ ಓದಿದೆ. ಆಪಾ ಕೊನೆಯ ಸಾಲನ್ನು ಎರಡು ಸಲ ಓದಿಸಿ ಸಹಿ ಮಾಡಿದಳು.

ಮರುದಿನ ನಾನೇ ಪುರಸಭೆಗೆ ಹೋದೆ. ಮುಖ್ಯಾಧಿಕಾರಿ ಅವತ್ತು ಮೊದಲ ಸಲ ಕಣ್ಣೆತ್ತಿ ನೋಡಿದರು.

"ಏನಮ್ಮ ಇದು? ಇದನ್ನ ತಗೊಳ್ಳಾಕ ಬರಂಗಿಲ್ಲ."

"ಸುಳ್ಳು ಬರದಾಗ ತಗೊಂಡ್ರಿ. ಖರೇ ಬರದ್ರ ಯಾಕ ಬರಂಗಿಲ್ಲ? ಸಿಕ್ಕಾ ಹೊಡದು ಸ್ವೀಕೃತಿ ಕೊಡ್ರಿ. ಇಲ್ಲಾಂದ್ರ ಕೊಪ್ಪಳಕ್ಕ ಹೋಗಿ ಮ್ಯಾಲಿನವರಿಗೆ ಕೊಟ್ಟು ಬರ್ತೀನಿ."

ಪುರಸಭೆಯ ಮೊಹರು ಬಿತ್ತು. ಕಡತದೊಳಗೆ ಸೇರಿದ ಮೇಲೆ ಆ ಕಾಗದವನ್ನು ದಾಟಿ ಅನುದಾನ ಕೊಡುವ ಧೈರ್ಯ ಯಾರಿಗೂ ಬರಲಿಲ್ಲ. ಯಾರ ಮೇಲೂ ಕ್ರಮವಾಗಲಿಲ್ಲ, ಯಾರ ನಷ್ಟವೂ ತುಂಬಲಿಲ್ಲ. ಎರಡನೆಯ ಹಬ್ಬ ಮಾತ್ರ ಆಗಲಿಲ್ಲ.

ನನ್ನನ್ನು ಸಂಘದಿಂದ ತೆಗೆದರು. ತಿಂಗಳೊಳಗೆ ಅಂಗಡಿ ಖಾಲಿ ಮಾಡಿ ಎಂದು ಮಾಲಕರು ಹೇಳಿ ಕಳಿಸಿದರು. ಖಾಲಿ ಮಾಡುವ ದಿನ ಗಂಡ ರಜೆ ಹಾಕಿ ಬಂದು ಕಪಾಟು ಬಿಚ್ಚುತ್ತಿದ್ದರು. ಅಧ್ಯಕ್ಷರು ಬಂದು ನಿಂತು ಅವರಿಗೆ ಹೇಳಿದರು: "ಹೆಣ್ಣುಮಕ್ಕಳ ಕೈಯಾಗ ಪೆನ್ನು ಕೊಟ್ಟದ್ದು ನಮ್ಮ ತಪ್ಪು ನೋಡ್ರಿ."

ನಾನು ಕೈಯಲ್ಲಿದ್ದ ಅರಿವಿಯ ತಾನನ್ನು ಕೆಳಗಿಟ್ಟು, "ನೀವು ಕೊಟ್ಟದ್ದಲ್ಲ. ಪೆನ್ನು ನಂದಽ ಇತ್ತು. ನೀವು ಹೇಳಿದ್ದನ್ನ ಬರದದ್ದು ನನ್ನ ತಪ್ಪು. ನಡೀರಿ, ದಾರಿ ಬಿಡ್ರಿ," ಅಂದೆ. ಅವರು ಬಿಡಲಿಲ್ಲ. ಕಪಾಟನ್ನು ಅವರ ಕಾಲಿನ ಪಕ್ಕಕ್ಕೇ ಎಳೆದುಕೊಂಡು ಹೋದೆವು.

ಆಪಾ ಎದುರು ಸಾಲಿನಿಂದ ಎಲ್ಲವನ್ನೂ ನೋಡುತ್ತಿದ್ದಳು. ಎದ್ದು ಬರಲಿಲ್ಲ. ಬರುತ್ತಾಳೆಂದು ನಾನು ಕಾದದ್ದು ಸುಳ್ಳಲ್ಲ. ಅವಳಿಗೆ ಬರಬೇಕಾದ ಕಾರಣವೂ ಇರಲಿಲ್ಲ.

ಹಿಂದಿನ ಓಣಿಯಲ್ಲಿ ಹಿಟ್ಟಿನ ಗಿರಣಿಯ ಪಕ್ಕ ಒಂದು ಸಣ್ಣ ಕೋಣೆ ಸಿಕ್ಕಿತು. ಬೆಳಗಿನಿಂದ ಗಿರಣಿಯ ಸಪ್ಪಳ, ಅರಿವಿಯ ಮೇಲೆಲ್ಲ ಹಿಟ್ಟಿನ ಧೂಳು. ಮೊದಲ ದಿನ ಮಧ್ಯಾಹ್ನದವರೆಗೆ ಒಬ್ಬರೂ ಬರಲಿಲ್ಲ. ಆಮೇಲೆ ಹುಲಿಗಿಯ ದೇವಿಯ ಗುಡಿಗೆ ಹೋಗಿ ಬಂದಿದ್ದ ಒಬ್ಬ ಮುದುಕಿ, ಹಣೆ ತುಂಬ ಭಂಡಾರ, ಗೋಧಿ ಬೀಸಿಸಲು ಬಂದವಳು ಒಳಗೆ ಇಣುಕಿ, ಹಸಿರು ಅಸ್ತರು ಐತೇನವಾ ಅಂದಳು. ಐತಿ ಬರ್ರಿ ಅಂದೆ. ಹಸಿರು ಅಸ್ತರಿನ ತಾನಿಗೆ ಹತ್ತಿದ ಹಿಟ್ಟು ಝಾಡಿಸಿ, ಒಂದು ಮೀಟರ್ ಅಳೆದು ಹರಿದು ಕೊಟ್ಟೆ.