ಪಾರ್ಸಲ್ ಬೇಡವೆಂದ ಹಾಜಿರಾ

ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯಲ್ಲಿರುವ ಚಾಂದಪಾಶಾನ ತಹರಿ ಹೋಟೆಲಿನಲ್ಲಿ ಬೆಳಗಾದರೆ ಕಾಲಿಡಲು ಜಾಗವಿರುವುದಿಲ್ಲ. ಮಾಂಸದ ಜೊತೆ ಬೆಂದ ಹಳದಿ ಅನ್ನವನ್ನು ಹಮಾಲರು, ಲಾರಿಯವರು, ಅಂಗಡಿ ಸಾಹುಕಾರರು ಭುಜಕ್ಕೆ ಭುಜ ತಾಗಿಸಿ ಕೂತು ಉಣ್ಣುತ್ತಾರೆ. ಹೆಂಗಸರು ಮಾತ್ರ ಹೊರಗೆ ನಿಂತು ಪಾರ್ಸಲ್ ಒಯ್ಯುತ್ತಾರೆ. ಹಾಗೆಂದು ಬೋರ್ಡು ಯಾರೂ ಹಾಕಿಲ್ಲ, ಆದರೂ ಹಾಗೇ ನಡೆದು ಬಂದಿದೆ.

ಹಾಜಿರಾ ಕಮಲಾಪುರದವಳು, ಜೇವರ್ಗಿ ಕಾಲೋನಿಯ ಒಂದು ದವಾಖಾನೆಯಲ್ಲಿ ನರ್ಸ್. ನಸುಕಿನಲ್ಲೇ ಮನೆಯವರಿಗೆಲ್ಲ ರೊಟ್ಟಿ ಬಡಿದಿಟ್ಟು, ತಾನು ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತಿ, ಗಂಜಿನಲ್ಲಿ ಇಳಿದು ಪಾರ್ಸಲ್ ಕಟ್ಟಿಸುತ್ತಿದ್ದಳು. ಸೂಜಿ, ಪಟ್ಟಿಯ ಕೆಲಸ ಮುಗಿಸಿ ಪೊಟ್ಟಣ ಬಿಚ್ಚುವಷ್ಟರಲ್ಲಿ ಅನ್ನ ಗಟ್ಟಿ, ಕೊಬ್ಬು ಮೇಣ. ವರ್ಷಗಟ್ಟಲೆ ಆ ತಣ್ಣನೆಯ ಮುದ್ದೆಯನ್ನೇ ನುಂಗಿದವಳಿಗೆ ಒಂದು ದಿನ ಸಾಕೋ ಸಾಕೆನಿಸಿತು. ಬಿಸಿ ತಹರಿಯನ್ನು ಎಲ್ಲರ ಹಾಗೆ, ಎಲ್ಲರ ನಡುವೆ ಕೂತು ಉಣ್ಣಬೇಕು. ಹಟ ಹಿಡಿದರೆ ಅವಳು ಬಿಡುವವಳಲ್ಲ.

ಒಳಗೆ ಹೋಗಿ ಬೆಂಚಿನ ಮೇಲೆ ಕೂತಳು.

"ಆಪಾ, ಪಾರ್ಸಲ್ ಕಟ್ಟಲೇನ್ರಿ?" ಎಂದ ಚಾಂದಪಾಶಾ.

"ಪಾರ್ಸಲ್ ಬ್ಯಾಡ. ಇಲ್ಲೇ ಉಣ್ತೀನಿ."

ಯಾರೂ ಬೈಯಲಿಲ್ಲ. ಬೈದಿದ್ದರೆ ಜಗಳಕ್ಕೆ ಅವಳು ತಯಾರಾಗಿಯೇ ಬಂದಿದ್ದಳು. ನಮ್ಮ ಗಂಡಸರು ಮಾಡಿದ್ದು ಅದಕ್ಕಿಂತ ಕೆಟ್ಟದ್ದು: ಮರ್ಯಾದೆ ಕೊಟ್ಟರು! ಅರ್ಧ ಉಂಡ ತಟ್ಟೆ ಎತ್ತಿಕೊಂಡು ಒಬ್ಬೊಬ್ಬರಾಗಿ ಹೊರಗೆ ಹೋಗಿ ಬಿಸಿಲಲ್ಲಿ ನಿಂತರು. ಇಡೀ ಹೋಟೆಲಿಗೆ ಅವಳೊಬ್ಬಳೇ. ಅವಮಾನದಿಂದ ಕಣ್ಣು ತುಂಬಿ ಬಂತು. ಆದರೂ ತಟ್ಟೆ ಖಾಲಿ ಮಾಡಿಯೇ ಎದ್ದಳು.

ಮರುದಿನ ಮತ್ತೆ ಬಂದಳು. ಚಾಂದಪಾಶಾ ಮೂಲೆಯ ಮೇಜಿನ ಸುತ್ತ ಹೂವಿನ ಚಾದರದ ಪರದೆ ಕಟ್ಟಿದ್ದ, ಪಾಪ, ಒಳ್ಳೆಯ ಮನಸ್ಸಿನಿಂದಲೇ. ಹಾಜಿರಾ ಅದನ್ನು ಬಿಚ್ಚಿ, ನೀಟಾಗಿ ಮಡಚಿ, ಅವನ ಕೈಗಿಟ್ಟಳು.

"ಭಾಯಿ, ಕಳ್ಳರಂಗ ಬಚ್ಚಿಟ್ಕೊಂಡು ಉಣ್ಣಾಕ ಬಂದಿಲ್ಲ. ಹಸ್ತು ಬಂದೀನಿ."

ಆಮೇಲೆ, ತಟ್ಟೆ ಹಿಡಿದು ಎದ್ದು ನಿಂತಿದ್ದ ಗಂಡಸರತ್ತ ತಿರುಗಿದಳು. "ಇಂಜೆಕ್ಷನ್ ಮಾಡಿಸ್ಕೊಳ್ಳಾಕ ಬಂದಾಗ ನನ್ನ ಮುಂದ ಹೆಂಗ ಕೂಡ್ತೀರಿ? ಹಂಗ ಕೂಡ್ರಿ!"

ಇಬ್ಬರು ನಾಚಿಕೊಂಡು ಕೂತರು. ಉಳಿದವರು ಹೋದರು. ದಿನ ಕಳೆದಂತೆ ಕೂರುವವರು ಹೆಚ್ಚಿದ್ದೇನೋ ನಿಜ, ಆದರೆ ಸೊಂಟ ಹಿಡಿದವರಂತೆ ಬೆಂಚಿನ ತುದಿಯಲ್ಲಿ, ಮಾತು ಬಂದ್. ಅವಳು ಒಳಗೆ ಕಾಲಿಟ್ಟರೆ ಸಾಕು, ಹೋಟೆಲು ಮಸೀದಿಯಷ್ಟು ಶಾಂತ. ಅದೂ ಅವಳಿಗೆ ಬೇಡವಾಗಿತ್ತು. ಹಾಗಂತ ಬರುವುದನ್ನು ಬಿಡಲಿಲ್ಲ.

ಒಂದು ಬೆಳಿಗ್ಗೆ ಜೋರು ಮಳೆ. ಹೊರಗೆ ನಿಂತು ಉಣ್ಣುವಂತಿಲ್ಲ, ಒಳಗೆ ಬೆಂಚುಗಳು ತುಂಬಿ ತುಳುಕುತ್ತಿವೆ. ಬೀದರಿನಿಂದ ಗಾಡಿ ಓಡಿಸಿಕೊಂಡು ಬಂದಿದ್ದ ಲಾರಿ ಡ್ರೈವರ್ ಉಜೈರ್, ಇದ್ದೊಂದು ಸಂದಿಯಲ್ಲಿ ಹಾಜಿರಾಳ ಪಕ್ಕ ಧಪ್ಪೆಂದು ಕೂತ. ಪಕ್ಕದಲ್ಲಿ ಯಾರಿದ್ದಾರೆಂದು ನೋಡುವ ವ್ಯವಧಾನವೂ ಅವನಿಗಿರಲಿಲ್ಲ. ನಾಲ್ಕು ತುತ್ತು ಗಬಗಬ ನುಂಗಿ ಅವಳತ್ತ ತಿರುಗಿದ.

"ಏನ್ ಆಪಾ, ಎಲ್ಲಾ ಉಳ್ಳಾಗಡ್ಡಿ ನೀವೇ ಖಾಲಿ ಮಾಡ್ತೀರೇನ್ರಿ? ಈ ಕಡೆ ಸರಸ್ರಿ!"

ಎದುರಿನವರು ತಲೆ ಎತ್ತಿ ನೋಡಿದರು. ಹಾಜಿರಾಳಿಗೆ ಸಂತೋಷ ತಡೆಯಲಾಗಲಿಲ್ಲ. ಈರುಳ್ಳಿಯ ತಟ್ಟೆಯನ್ನು ಎಡಗೈಯಿಂದ ಇನ್ನಷ್ಟು ತನ್ನ ಕಡೆಗೇ ಎಳೆದುಕೊಂಡಳು.

"ತಡೀರಿ, ನಂದಿನ್ನಾ ಮುಗಿದಿಲ್ಲ."