ಆಮೇಲೆ ನೆನಪಿಸು

ಹನ್ನೊಂದು ವಾರ ನಾನು ಒಂದು ಯಂತ್ರಕ್ಕೆ ದಿನಾ ಸುಳ್ಳು ಹೇಳಿದೆ. ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದ ಕೂಡಲೇ ಪರದೆಯ ಬಲ ಮೂಲೆಯಲ್ಲಿ ಒಂದು ಚಿಕ್ಕ ಚೌಕ ಎದ್ದು ನಿಲ್ಲುತ್ತಿತ್ತು. ಹೊಸ ಅಪ್‌ಡೇಟ್ ಬಂದಿದೆ, ಹಾಕಿಕೊಳ್ಳಲೇ ಎಂದು ಬಹಳ ವಿನಯದಿಂದ ಕೇಳುತ್ತಿತ್ತು. ಕೆಳಗೆ ಎರಡು ಗುಂಡಿ. ಒಂದು ‘ಈಗಲೇ’, ಇನ್ನೊಂದು ‘ಆಮೇಲೆ ನೆನಪಿಸು’. ನಾನು ಎರಡನೆಯದನ್ನು ಒತ್ತುತ್ತಿದ್ದೆ. ಆಮೇಲೆ ನೆನಪಿಸಿದರೂ ನಾನು ಏನೂ ಮಾಡುವವನಲ್ಲ ಎಂದು ನನಗೆ ಗೊತ್ತಿತ್ತು, ಪ್ರಾಯಶಃ ಅದಕ್ಕೂ ಗೊತ್ತಿತ್ತು. ಆದರೂ ಮರುದಿನ ಅಷ್ಟೇ ವಿನಯದಿಂದ ಕೇಳುತ್ತಿತ್ತು. ಮನೆಯಲ್ಲಿ ಇಷ್ಟು ಸಲ ಸುಳ್ಳು ಹೇಳಿದ್ದರೆ ಊಟದ ತಾಟು ನನ್ನ ಮುಂದೆ ಬರುವ ಬಗೆಯೇ ಬೇರೆ ಇರುತ್ತಿತ್ತು.

ನನ್ನನ್ನು ಬರೀ ಸೋಮಾರಿ ಎಂದು ತಿಳಿಯಬೇಡಿ. ನಾನೂ ಒಂದು ಕಾಲದಲ್ಲಿ ಅಪ್‌ಡೇಟ್ ಎಂದರೆ ಆಸೆಯಿಂದ ಕಾಯುತ್ತಿದ್ದವನೇ. ಈ ಸಲ ಬರುವುದರಲ್ಲಿ ಬ್ಯಾಟರಿ ಹೆಚ್ಚು ಹೊತ್ತು ನಿಲ್ಲುತ್ತದೆ, ಫ್ಯಾನಿನ ಸದ್ದು ಕಡಿಮೆಯಾಗುತ್ತದೆ, ತೆರೆದುಕೊಳ್ಳಲು ಚಹಾ ಕುಡಿದು ಮುಗಿಸುವಷ್ಟು ಹೊತ್ತು ಬೇಕಾಗುವುದಿಲ್ಲ ಎಂದೆಲ್ಲ ಓದಿ ಖುಷಿಪಡುತ್ತಿದ್ದೆ. ಬಂದದ್ದೇ ಬೇರೆ. ಒಂದು ಅಪ್‌ಡೇಟ್ ನನ್ನ ಪ್ರಿಂಟರಿನ ಗುರುತನ್ನೇ ಮರೆಯಿತು. ಮತ್ತೊಂದು ಬಂದ ಮೇಲೆ ಹತ್ತು ವರ್ಷದ ನನ್ನ ಕನ್ನಡ ಟಿಪ್ಪಣಿಗಳೆಲ್ಲ ಸಾಲು ಸಾಲು ಖಾಲಿ ಡಬ್ಬಿಗಳಾಗಿ ಕಂಡವು. ಇನ್ನೊಂದು ಏನನ್ನೂ ಕೆಡಿಸಲಿಲ್ಲ, ಏನನ್ನೂ ಸರಿಪಡಿಸಲೂ ಇಲ್ಲ. ಎಡಗಡೆ ಇದ್ದ ಗುಂಡಿಯನ್ನು ನಡುವೆ ತಂದು ಇಟ್ಟು ಹೋಯಿತು. ಒಂದು ತಿಂಗಳು ನನ್ನ ಬೆರಳು ಎಡಗಡೆಗೇ ಹೋಗಿ ಪೆಚ್ಚಾಗಿ ಮರಳುತ್ತಿತ್ತು.

ಕಲಬುರಗಿಯ ಸೇಡಂ ರಸ್ತೆಯಲ್ಲಿ, ನಮ್ಮ ಮನೆಗೆ ಹತ್ತಿರ, ಇಸ್ಮಾಯಿಲ್ ಭಾಯಿ ಎಂಬವರ ಲ್ಯಾಪ್‌ಟಾಪ್ ಅಂಗಡಿ ಇದೆ. ಏನೇ ದೂರು ಒಯ್ದರೂ ಅವರದು ಒಂದೇ ಉತ್ತರ. “ಮುಂದಿನ ಅಪ್‌ಡೇಟ್‌ದಾಗ ಸರಿ ಆಗ್ತದ್ರಿ ಸರ್. ಥೋಡಾ ತಾಳ್ರಿ.” ಇದು ಸಾಕಾಯಿತು, ಹೊಸದನ್ನೇ ಕೊಡಿ ಎಂದರೆ ದನಿ ತಗ್ಗಿಸುತ್ತಾರೆ. “ಈಗ ತೊಗೋಬ್ಯಾಡ್ರಿ. ದೀಪಾವಳಿಗೆ ಹೊಸ ಮಾಡೆಲ್ ಬರಾಕತ್ತದ.” ದೀಪಾವಳಿಗೆ ಹೋದರೆ ಸಂಕ್ರಾಂತಿ ತೋರಿಸುತ್ತಾರೆ. ಮಾಲು ಇಟ್ಟುಕೊಂಡು ಮಾರದ ಇಂಥ ಪ್ರಾಮಾಣಿಕ ವ್ಯಾಪಾರಿಯನ್ನು ನಾನು ಕಂಡಿಲ್ಲ. ಅಂಗಡಿಯ ಬೆಂಚಿನ ಮೇಲೆ ಯಾವಾಗಲೂ ನನ್ನಂಥ ಮೂರ್ನಾಲ್ಕು ಜನ ಮುಂದೆ ಬರುವುದರ ಬಗ್ಗೆ ಮಾತಾಡುತ್ತ ಕೂತಿರುತ್ತಾರೆ.

ನಾನು ಕಮಲಾಪುರದ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ದಿನಾ ಬಸ್ಸಿನಲ್ಲಿ ಹೋಗಿ ಬರುವ ಗಿರಾಕಿ. ಲ್ಯಾಪ್‌ಟಾಪನ್ನು ಆಫ್ ಮಾಡದೆ ಹಾಗೇ ಮುಚ್ಚಿ ಚೀಲಕ್ಕೆ ತುರುಕುವ ಚಾಳಿ ನನ್ನದು. ಬಸ್ಸಿಳಿಯುವಷ್ಟರಲ್ಲಿ ಬ್ಯಾಟರಿ ಖಾಲಿಯಾಗಿರುತ್ತಿತ್ತು. ಅದಕ್ಕೇ ಮುಚ್ಚಳ ಹಾಕಿದರೆ ಸಾಕು, ತಾನಾಗಿ ಪೂರ್ತಿ ಬಂದ್ ಆಗುವಂತೆ ಇಸ್ಮಾಯಿಲ್ ಭಾಯಿಯಿಂದ ಮಾಡಿಸಿಕೊಂಡಿದ್ದೆ. ಬಹಳ ಜಾಣತನದ ಏರ್ಪಾಡು ಎಂದು ನಾಲ್ಕು ಜನರ ಮುಂದೆ ಹೇಳಿಕೊಂಡೂ ಇದ್ದೆ.

ತರಗತಿಯಲ್ಲಿ ನಾನು ಕಡತದ ಪಾಠ ಮಾಡುವಾಗ ಹುಡುಗರು ಕಣ್ಣರಳಿಸುತ್ತಾರೆ. ಈಗ ಕಡತವೆಂದರೆ ಕಚೇರಿಯ ಫೈಲು, ಆದರೆ ಹಿಂದೆ ಅದು ಬಟ್ಟೆ. ಹುಣಸೆ ಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಚಿ, ಮೇಲೆ ಬಳಪದಿಂದ ಬರೆಯುತ್ತಿದ್ದರು. ಮಾಸಿದರೆ ಒರೆಸಿ ಮತ್ತೆ ಬಳಿಯಬೇಕು, ಒಣಗುವ ತನಕ ಬರೆಯುವ ಹಾಗಿಲ್ಲ. ಆ ಹೊತ್ತಿನಲ್ಲಿ ಯಾರಾದರೂ ಬಂದು ತನ್ನ ಹೊಲದ ಎಲ್ಲೆ ಎಲ್ಲಿಯ ತನಕ ಎಂದು ಕೇಳಿದ್ದರೆ ಬರಹಗಾರ ಏನು ಹೇಳಿರಬಹುದು? ಕಡತ ಇನ್ನೂ ಒಣಗಿಲ್ಲ, ಆಮೇಲೆ ಬಾ ಎಂದೇ ಹೇಳಿರಬೇಕು. ಈ ಪಾಠವನ್ನು ನನಗಿಂತ ಚೆನ್ನಾಗಿ ಮಾಡುವವರು ನಸ್ರೀನ್ ಮೇಡಂ.

ನಸ್ರೀನ್ ಮೇಡಂ ನಮ್ಮ ವಿಭಾಗದ ಅತಿಥಿ ಉಪನ್ಯಾಸಕಿ. ಹನ್ನೆರಡು ವರ್ಷದಿಂದ ಅತಿಥಿ. ಇಷ್ಟು ವರ್ಷ ಮನೆಯಲ್ಲಿ ಇದ್ದವರನ್ನೂ ಅತಿಥಿ ಎಂದೇ ಕರೆಯುವ ಪದ್ಧತಿ ಸರಕಾರದಲ್ಲಿ ಮಾತ್ರ ಇದೆ. ಅವರ ಮನೆ ಕಮಲಾಪುರದಲ್ಲೇ, ಮಗಳು ಅಲ್ಲಿಯೇ ಮೂರನೆಯ ತರಗತಿ. ವಿಭಾಗದಲ್ಲಿ ಇರುವುದು ನಾವಿಬ್ಬರೇ. ಕಾಯಂ ಇರುವವನು ನಾನೊಬ್ಬನೇ ಆದ್ದರಿಂದ ಮುಖ್ಯಸ್ಥನೂ ನಾನೇ. ಇಷ್ಟು ವರ್ಷ ಇಲ್ಲಿ ಪಾಠ ಮಾಡಿದ್ದಾರೆ ಎಂದು ನಾನು ಒಂದು ಅನುಭವ ಪತ್ರ ಬರೆದುಕೊಡಬೇಕಿತ್ತು. ಯುಗಾದಿ ರಜೆಯ ನಂತರ ಅವರು ಒಂದೆರಡು ಸಲ ಕೇಳಿದ್ದರು. “ಆತ್ರಿ ಮೇಡಂ, ಮಾಡಿಕೊಡ್ತೀನಿ” ಎಂದಿದ್ದೆ.

ಅತಿಥಿಗಳು ವರ್ಷವರ್ಷವೂ ಹೊಸದಾಗಿ ಕಾಲೇಜು ಆರಿಸಿಕೊಳ್ಳಬೇಕು, ಅದೂ ಆನ್‌ಲೈನಿನಲ್ಲಿ, ಅವರವರಿಗೆ ಕೊಟ್ಟ ಹೊತ್ತಿನಲ್ಲಿ. ಮಳೆ ಶುರುವಾದ ಮೇಲೆ ಒಂದು ಶನಿವಾರ ಮೇಡಂ ಅವರ ಸರದಿ ಬಂತು, ಹನ್ನೊಂದರಿಂದ ಹನ್ನೆರಡು. ಆ ಗಂಟೆ ಮೀರಿದರೆ ಪಟ್ಟಿಯಿಂದ ಹೊರಗೆ, ಆ ವರ್ಷ ಕೆಲಸವಿಲ್ಲ. ಬೆಳಿಗ್ಗೆ ಒಂಬತ್ತಕ್ಕೇ ಕರೆಂಟು ಹೋಯಿತು. ಕಾಲೇಜಿನ ಕಂಪ್ಯೂಟರು ಸತ್ತಿತ್ತು, ಎದುರಿನ ಝೆರಾಕ್ಸ್ ಅಂಗಡಿಯೂ ಅಷ್ಟೇ. ಮೊಬೈಲಿನಲ್ಲಿ ಕಾಲೇಜುಗಳ ಪಟ್ಟಿ ತೆರೆಯುತ್ತಿರಲಿಲ್ಲ. ಕರೆಂಟು ಈಗ ಬಂದೀತು, ಆಗ ಬಂದೀತು ಎಂದು ಕಾಯುತ್ತ ಹತ್ತೂಮುಕ್ಕಾಲಾಯಿತು, ಕಲಬುರಗಿಗೆ ಹೋಗಿ ಮುಟ್ಟುವಷ್ಟು ಹೊತ್ತೂ ಉಳಿಯಲಿಲ್ಲ. “ಸರ್, ನಿಮ್ಮ ಲ್ಯಾಪ್‌ಟಾಪ್ ಅದಲ್ರಿ” ಎಂದರು ಮೇಡಂ. ನಾನು ಎದೆಯುಬ್ಬಿಸಿ ಚೀಲದ ಜಿಪ್ ತೆರೆದೆ.

ನನ್ನ ಫೋನಿನಿಂದ ಇಂಟರ್ನೆಟ್ ಕೊಟ್ಟೆವು. ಎಂದಿನಂತೆ ಎದ್ದು ನಿಂತ ಚೌಕಕ್ಕೆ ಎಂದಿನ ಸುಳ್ಳು ಹೇಳಿದೆ. ಹನ್ನೊಂದಕ್ಕೆ ಸರಿಯಾಗಿ ಪಟ್ಟಿ ತೆರೆಯಿತು. ಕಮಲಾಪುರದ ಮುಂದೆ ಇತಿಹಾಸಕ್ಕೆ ಒಂದೇ ಜಾಗ ಕಾಣುತ್ತಿತ್ತು. ಸಿಗ್ನಲ್ ಎಳೆದಾಡುತ್ತಿದ್ದುದರಿಂದ ಪುಟ ನಿಧಾನವಾಗಿ ತುಂಬಿಕೊಳ್ಳುತ್ತಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ವೀರಭದ್ರಪ್ಪ ಸರ್ ಬಂದು ನಿಂತರು.

ಅವರು ನನಗೆ ಕಾಲೇಜಿನಲ್ಲಿ ಕಲಿಸಿದ ಗುರುಗಳು. ಈಗ ಎಂಬತ್ತರ ಹತ್ತಿರ. ತಮ್ಮ ತೋಟದ ಕೆಂಪು ಬಾಳೆಯ ಒಂದು ಚಿಪ್ಪು ಹಿಡಿದು ಆಗಾಗ ಬರುತ್ತಾರೆ. ತೆರೆದ ಪುಸ್ತಕದ ಮುಂದೆ ಕೂತು ಹಿರಿಯರೊಡನೆ ಮಾತಾಡಬಾರದು, ಪುಸ್ತಕ ಮುಚ್ಚಬೇಕು, ಎದ್ದು ನಿಲ್ಲಬೇಕು ಎಂದು ನಮ್ಮ ತಲೆಯಲ್ಲಿ ಕೂರಿಸಿದವರು ಇವರೇ. ನಾನು ಎದ್ದು ನಿಂತೆ. ಏಳುವಾಗ ನನ್ನ ಕೈ ತಾನಾಗಿ ಮುಂದೆ ಹೋಗಿ, ತೆರೆದಿದ್ದುದನ್ನು ಮುಚ್ಚಿತು.

“ಸರ್” ಎಂದರು ನಸ್ರೀನ್ ಮೇಡಂ. ಅಷ್ಟೇ ಅಂದರು.

ತಟ್ಟನೆ ತೆರೆದೆ. ಪಟ್ಟಿ ಇರಲಿಲ್ಲ. ನೀಲಿ ಪರದೆಯ ನಡುವೆ ಚುಕ್ಕಿಗಳು ಸುತ್ತುತ್ತಿದ್ದವು. ಅಪ್‌ಡೇಟ್ ಕೆಲಸ ನಡೆದಿದೆ, ಶೇಕಡಾ ಮೂರು, ಆಫ್ ಮಾಡಬೇಡಿ ಎಂದು ಬರೆದಿತ್ತು. ದಿನಾ ಮುಚ್ಚಿದಾಗ ಸುಮ್ಮನೆ ಬಂದ್ ಆಗುತ್ತ ಹನ್ನೊಂದು ವಾರ ಕಾದಿದ್ದ ಯಂತ್ರ, ಅದರ ಗಡುವು ಅಂದೇ ಮುಗಿದಿತ್ತೋ ಏನೋ, ಆ ಒಂದು ಕ್ಷಣವನ್ನು ಬಿಡಲಿಲ್ಲ. ಸಮಯ ಹನ್ನೊಂದು ಗಂಟೆ ಹತ್ತು ನಿಮಿಷ.

ಮುಚ್ಚುವ ಮುಂಚೆ ಬ್ಯಾಟರಿ ನಲವತ್ತೊಂದು ಇದ್ದದ್ದು ನನಗೆ ನೆನಪಿತ್ತು. ಅಪ್‌ಡೇಟ್ ನಡೆಯುವಾಗ ಏರುವ ಅಂಕಿ ಕಾಣುತ್ತದೆ, ಇಳಿಯುವ ಅಂಕಿ ಕಾಣುವುದಿಲ್ಲ. ನಡುವೆ ಎಲ್ಲಿಯಾದರೂ ಬ್ಯಾಟರಿ ಮುಗಿದರೆ ಎಲ್ಲವೂ ಮುಗಿದಂತೆ. ನನ್ನ ಸಿಟ್ಟು ಮೊದಲು ಯಂತ್ರದ ಮೇಲೆ ಹೋಯಿತು, ಆಮೇಲೆ ಕರೆಂಟಿನ ಮೇಲೆ, ಒಂದು ಗಳಿಗೆ ಬಾಳೆಹಣ್ಣಿನ ಮೇಲೂ ಹೋಯಿತು. ಎಲ್ಲ ಸುತ್ತಿ ಕೊನೆಗೆ ನನ್ನ ಹತ್ತಿರವೇ ಬಂದು ಕೂತಿತು.

ಸರ್‌ಗೆ ವಿಷಯ ತಿಳಿಸಿದೆ. ಅವರು ಚಿಪ್ಪನ್ನು ಮೇಜಿನ ಮೇಲಿಟ್ಟು ಪರದೆಯನ್ನು ಬಹಳ ಹೊತ್ತು ನೋಡಿದರು. “ನಾ ಬಂದೆ ಅಂತ ಮುಚ್ಚಿದಿ. ನಾ ಹೊರಗ ಹೋದರ ತೆರೀತದೇನಪಾ?” ಎಂದು ಕೇಳಿದರು. ಚೇಷ್ಟೆಯಲ್ಲ, ನಿಜವಾಗಿಯೇ ಕೇಳಿದರು. ಹಾಗೇನಿಲ್ಲ ಎಂದರೂ ಕೇಳದೆ ವರಾಂಡದ ಬೆಂಚಿಗೆ ಹೋಗಿ ಕೂತರು. ಅಲ್ಲಿಂದಲೇ ಆಗಾಗ ಬಗ್ಗಿ ನೋಡುತ್ತಿದ್ದರು.

“ಎಷ್ಟಾತ್ರಿ ಸರ್?”

“ಇಪ್ಪತ್ತೇಳು.”

“ಆವಾಗೂ ಇಪ್ಪತ್ತೇಳೇ ಇತ್ತಲ್ರಿ” ಎಂದರು ಮೇಡಂ.

ಹನ್ನೊಂದೂ ಇಪ್ಪತ್ತಕ್ಕೆ ಇಪ್ಪತ್ತೇಳು. ಹನ್ನೊಂದೂವರೆಗೂ ಇಪ್ಪತ್ತೇಳು. ಚುಕ್ಕಿಗಳು ಮಾತ್ರ ಬಿಡುವಿಲ್ಲದೆ ಸುತ್ತುತ್ತಿದ್ದವು. ಗುಂಡಿ ಒತ್ತಿ ಹಿಡಿದು ಆರಿಸಿಬಿಡಲೇ ಎಂದು ನನಗೆ ಎರಡು ಸಲ ಅನಿಸಿತು. ಎರಡು ಸಲವೂ ಕೈ ಹಿಂದೆ ತೆಗೆದುಕೊಂಡೆ. ನಸ್ರೀನ್ ಮೇಡಂ ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ದುಪಟ್ಟದ ಅಂಚನ್ನು ಬೆರಳಿಗೆ ಸುತ್ತುತ್ತ ಪರದೆಯನ್ನು ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಮಾತಾಡಿದರು.

“ಆಫ್ ಮಾಡಬ್ಯಾಡ್ರಿ, ಕೆಲಸ ನಡದದ ಅಂತ ಬರದದಲ್ರಿ ಇದರ ಮ್ಯಾಲ. ನನಗ ಹನ್ನೆರಡು ವರ್ಷದಿಂದ ಇದನ್ನ ಹೇಳಾಕತ್ತಾರ. ಬಿಟ್ಟು ಹೋಗಬ್ಯಾಡ್ರಿ ಮೇಡಂ, ಮುಂದಿನ ವರ್ಷ ಪರ್ಮನೆಂಟ್ ಆಗ್ತದ ಅಂತ. ನಂದು ಎಷ್ಟಕ್ಕ ನಿಂತದೋ, ಅದೂ ಕಾಣಂಗಿಲ್ರಿ.”

ಇಸ್ಮಾಯಿಲ್ ಭಾಯಿಯ ಮಾತೇ ಬಾಯಿಗೆ ಬಂದಿತ್ತು, ತಾಳ್ರಿ ಎಂದು. ನುಂಗಿಕೊಂಡೆ. ನನ್ನ ಲ್ಯಾಪ್‌ಟಾಪು ಹೆಚ್ಚೆಂದರೆ ಒಂದು ಬೆಳಗನ್ನು ತಿಂದಿತ್ತು. ಅದಕ್ಕೇ ನಾನು ಹಲ್ಲು ಕಡಿಯುತ್ತ ಕೂತಿದ್ದೆ.

ಹನ್ನೊಂದೂ ಮೂವತ್ತೆಂಟಕ್ಕೆ ಅಂಕಿ ಒಮ್ಮೆಲೇ ಅರವತ್ತನಾಲ್ಕಕ್ಕೆ ಜಿಗಿಯಿತು. ಇಬ್ಬರೂ ಕುರ್ಚಿಯ ತುದಿಗೆ ಬಂದೆವು. ನಂತರ ಪರದೆ ಕಪ್ಪಾಯಿತು. ಬ್ಯಾಟರಿಯೇ ಮುಗಿಯಿತೋ, ಹೊಸದಾಗಿ ಶುರುವಾಗುತ್ತಿದೆಯೋ ತಿಳಿಯಲಿಲ್ಲ. ನಾನು ಕಿವಿಯನ್ನು ಕೀಲಿಮಣೆಗೆ ಹಚ್ಚಿ ಫ್ಯಾನಿನ ಸದ್ದು ಇದೆಯೇ ಎಂದು ಕೇಳಿದೆ. ದಿನಾ ನನ್ನ ತಲೆ ತಿನ್ನುತ್ತಿದ್ದ ಆ ಫ್ಯಾನು ಅಂದು ಸಣ್ಣಗೆ ಗುಂಯ್ ಎನ್ನುತ್ತಿತ್ತು. “ಜೀವ ಅದ್ರಿ” ಎಂದೆ. ಮೇಡಂ ಉಸಿರು ಬಿಟ್ಟದ್ದು ಕೇಳಿಸಿತು.

ಮತ್ತೆ ನೀಲಿ ಬಂತು, ಮತ್ತೆ ಸೊನ್ನೆಯಿಂದ ಎಣಿಕೆ. ಈ ಸಲ ಬೇಗ ಬೇಗ ಏರಿತು. ಹನ್ನೊಂದೂ ನಲವತ್ತೊಂಬತ್ತಕ್ಕೆ ನಮಸ್ಕಾರ ಎಂದಿತು. ಎಲ್ಲವನ್ನೂ ನಿಮಗಾಗಿ ಅಣಿಗೊಳಿಸುತ್ತಿದ್ದೇವೆ ಎಂದಿತು. ಹೊಸ ಸೌಲಭ್ಯಗಳನ್ನು ತೋರಿಸಲೇ ಎಂದು ಕೇಳಿತು. ಬೇಡ ಎಂದೆ. ಖಂಡಿತವೇ ಎಂದು ಕೇಳಿತು. ಆ ಹೊತ್ತಿನಲ್ಲಿ ನನ್ನ ಬಾಯಿಂದ ಬಂದ ಮಾತನ್ನು ವೀರಭದ್ರಪ್ಪ ಸರ್ ಕೇಳಿಸಿಕೊಳ್ಳಲಿಲ್ಲ ಎಂದುಕೊಂಡಿದ್ದೇನೆ.

ಐವತ್ತಮೂರಕ್ಕೆ ಪಟ್ಟಿ ತೆರೆಯಿತು. ಕಮಲಾಪುರದ ಆ ಒಂದು ಜಾಗ ಇನ್ನೂ ಇತ್ತು. ಮೊಬೈಲಿಗೆ ಬಂದ ಆರಂಕಿಯ ಓಟಿಪಿಯನ್ನು ಮೇಡಂ ಒಂದೊಂದಾಗಿ ಓದಿದರು, ನಾನು ಒತ್ತಿದೆ. ಒಂದು ಅಂಕಿ ತಪ್ಪಿ ಮತ್ತೆ ಒತ್ತಬೇಕಾಯಿತು. ಐವತ್ತಾರಕ್ಕೆ ಹಸಿರು ಅಕ್ಷರಗಳಲ್ಲಿ ನಿಮ್ಮ ಆಯ್ಕೆ ಸ್ವೀಕೃತವಾಗಿದೆ ಎಂದು ಬಂತು. ನಸ್ರೀನ್ ಮೇಡಂ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು. ಸರ್ ಒಳಗೆ ಬಂದು, “ಆತೇನವಾ? ಹಣ್ಣು ತೊಗೊ” ಎಂದು ಚಿಪ್ಪನ್ನು ಅವರ ಕಡೆ ಸರಿಸಿದರು.

ಇಲ್ಲಿಗೇ ಮುಗಿದಿದ್ದರೆ ನಾನು ಮನೆಗೆ ಹೋಗಿ ಇದನ್ನೆಲ್ಲ ನನ್ನ ಸಾಹಸವೆಂದೇ ಹೇಳಿಕೊಳ್ಳುತ್ತಿದ್ದೆ. ಆದರೆ ಆ ಅಪ್‌ಡೇಟಿನಲ್ಲಿ ನಿಜಕ್ಕೂ ಒಂದು ಹೊಸ ಸೌಲಭ್ಯವಿತ್ತು. ಹಿಂದೆ ತೆರೆದು ಅರ್ಧಕ್ಕೆ ಬಿಟ್ಟದ್ದನ್ನೆಲ್ಲ ಅದು ತಾನಾಗಿ ಹುಡುಕಿ ತೆರೆದಿತ್ತು. ಪಟ್ಟಿಯ ಪುಟವನ್ನು ಮುಚ್ಚಿದ ಕೂಡಲೇ ಹಿಂದಿನದು ಕಂಡಿತು. ಮೇಲೆ ‘ಅನುಭವ ಪತ್ರ’. ಬಲಗಡೆ ಯುಗಾದಿ ಮುಗಿದ ವಾರದ ತಾರೀಕು. ಕೆಳಗೆ ‘ಶ್ರೀಮತಿ ನಸ್ರೀನ್ ಅವರು ನಮ್ಮ ವಿಭಾಗದಲ್ಲಿ’ ಎಂದು ಒಂದು ಅರ್ಧ ಸಾಲು, ಅದರ ಮುಂದೆ ಮಿನುಗುವ ಕಡ್ಡಿ. ಮುಚ್ಚೋಣವೆಂದರೆ ಕೈ ಏಳಲಿಲ್ಲ.

ಮೇಡಂ ಓದಿದರು. ಹಣ್ಣಿನ ಸಿಪ್ಪೆಯನ್ನು ಕಾಗದದಲ್ಲಿ ಮಡಚುತ್ತ ಕೇಳಿದರು. “ಈ ಕಡತ ಇನ್ನಾ ಒಣಗಿಲ್ಲೇನ್ರಿ ಸರ್?”

ಆ ಸಾಲನ್ನು ಮುಂದುವರಿಸೋಣವೆಂದು ಬೆರಳು ಇಟ್ಟೆ. ‘ಹನ್ನೆರಡು ವರ್ಷಗಳಿಂದ’ ಎಂದು ಹೊಡೆಯುವಷ್ಟರಲ್ಲಿ ಬ್ಯಾಟರಿ ಮುಗಿದು ಪರದೆ ಆರಿತು. ಕಪಾಟಿನಿಂದ ಕಾಲೇಜಿನ ಹೆಸರಿರುವ ಕಾಗದ ತೆಗೆದು ಪೆನ್ನಿನಿಂದ ಬರೆದೆ. ಅವರ ಕಡತದ ಪಾಠದ ಬಗ್ಗೆಯೂ ಒಂದು ಸಾಲು ಸೇರಿಸಿದೆ. ಸಹಿ ಮಾಡಿ, ಮೊಹರು ಒತ್ತಿ ಕೈಗೆ ಕೊಟ್ಟೆ. ತಡವಾಯಿತು, ನನ್ನದೇ ತಪ್ಪು ಎಂದೂ ಹೇಳಿದೆ. ಮೂರು ತಿಂಗಳು ಮುಂದಕ್ಕೆ ಹಾಕಿದ್ದ ಕೆಲಸ ಹತ್ತು ನಿಮಿಷದ್ದಾಗಿತ್ತು.

ಸೋಮವಾರ ಕರೆಂಟು ಇತ್ತು. ಲ್ಯಾಪ್‌ಟಾಪ್ ತೆರೆದೆ. ಬಲ ಮೂಲೆಯಲ್ಲಿ ಅದೇ ಚೌಕ, ಶನಿವಾರದ ಅಪ್‌ಡೇಟಿನಲ್ಲಿ ಉಳಿದ ದೋಷಗಳನ್ನು ಸರಿಪಡಿಸಲು ಇನ್ನೊಂದು ಅಪ್‌ಡೇಟ್ ಬಂದಿದೆಯಂತೆ. ಬೆರಳು ರೂಢಿಯಂತೆ ‘ಆಮೇಲೆ’ ಕಡೆಗೆ ಹೊರಟಿತು. ಎದುರಿನ ಕುರ್ಚಿಯಲ್ಲಿ ನಸ್ರೀನ್ ಮೇಡಂ ತಮ್ಮ ಹದಿಮೂರನೆಯ ವರ್ಷದ ಮೊದಲ ಪಾಠಕ್ಕೆ ಟಿಪ್ಪಣಿ ಬರೆಯುತ್ತಿದ್ದರು. ನಾನು ‘ಈಗಲೇ’ ಒತ್ತಿ ಕೈ ಕಟ್ಟಿ ಕೂತೆ. ಇಪ್ಪತ್ತು ನಿಮಿಷ ಹಿಡಿಯಿತು.

“ಎಷ್ಟಾತ್ರಿ ಸರ್?” ಎಂದು ತಲೆ ಎತ್ತದೆ ಕೇಳಿದರು.

“ನೂರಾತ್ರಿ ಮೇಡಂ.”

ಗಂಟೆ ಹೊಡೆಯಿತು. ಅವರು ಹಾಜರಿ ಪುಸ್ತಕ, ಚಾಕ್‌ಪೀಸು ತೆಗೆದುಕೊಂಡು ಎದ್ದರು. ಬಾಗಿಲ ಹತ್ತಿರ ನಿಂತು ನಕ್ಕರು.

“ನಿಮ್ಮದಾದರೂ ಆತಲ್ರಿ” ಎಂದು ತರಗತಿಗೆ ಹೋದರು.